ಕ್ಲಾರಿನೆಟ್ ವಾದ್ಯವೂ ನಾಲ್ಕು ಜನರ ಮಾತೂ

ಮಕ್ಕಳು ವೀಣೆಯನ್ನೋ ಪಿಟೀಲನ್ನೋ ಕಲಿಯುತ್ತೇವೆಂದರೆ ತಂದೆತಾಯಿಗಳು ಹಿಗ್ಗುವರು. ಬಂಧುಗಳು ಬಂದಾಗ ಮಗುವನ್ನು ಕರೆದು ಕೂರಿಸಿ ಒಂದು ಗೀತೆಯನ್ನು ನುಡಿಸಿ ಕೇಳಿಸುವರು. ಕೊಳಲಿಗೂ ಅಡ್ಡಿಯಿಲ್ಲ, ಅದು ಶ್ರೀಕೃಷ್ಣನ ಕೈಯಲ್ಲಿದ್ದ ವಾದ್ಯವಷ್ಟೆ. ಆದರೆ ಹುಡುಗನೊಬ್ಬನು ತಾನು ಕ್ಲಾರಿನೆಟ್ ವಾದ್ಯವನ್ನು ಕಲಿಯಬೇಕೆಂದಿದ್ದೇನೆ ಎಂದು ಊಟದ ಹೊತ್ತಿನಲ್ಲಿ ಹೇಳಿದನೆನ್ನಿ. ಬಡಿಸುತ್ತಿರುವ ಕೈ ನಿಲ್ಲುತ್ತದೆ. ಅದು ಮದುವೆ ಬ್ಯಾಂಡಿನವರ ವಾದ್ಯವಲ್ಲವೆ ಎಂದು ತಂದೆಯು ಕೇಳುತ್ತಾನೆ. ಅದರ ಕಿರುಚಾಟವನ್ನು ಯಾರು ಸಹಿಸಬೇಕು ಎಂದು ನೆರೆಮನೆಯವರು ಮುಂದಾಗಿಯೇ ಹಣೆ ಚಚ್ಚಿಕೊಳ್ಳುತ್ತಾರೆ. ಸ್ವಲ್ಪ ಸಂಗೀತ ಬಲ್ಲವರೊಬ್ಬರು ಅಲ್ಲಿದ್ದರೆ, ಪರದೇಶದ ವಾದ್ಯದಲ್ಲಿ ನಮ್ಮ ಗಮಕಗಳು ಹುಟ್ಟುವುದು ಅಸಾಧ್ಯವೆಂದು ತೀರ್ಪನ್ನೇ ಕೊಟ್ಟುಬಿಡುತ್ತಾರೆ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠಶಾಲೆಯಲ್ಲಿ ಕಳೆದ ನಮಗೆ ಇಂತಹ ನಿರುತ್ಸಾಹದ ಮಾತುಗಳು ಹೊಸವಲ್ಲ. ಇವುಗಳಲ್ಲಿ ಎಷ್ಟು ತಥ್ಯವಿದೆ, ಎಷ್ಟು ಬರಿಯ ವಾಡಿಕೆಯಿದೆ ಎಂಬುದನ್ನು ವಾಚಕರೊಡನೆ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕು ಬಗೆಯಾಗಿ ವಿಭಾಗಿಸಿದನು. ಕ್ಲಾರಿನೆಟ್ಟು ಇವುಗಳಲ್ಲಿ ಸುಷಿರವರ್ಗಕ್ಕೆ ಸೇರಿದ್ದು. ಎಂದರೆ ರಂಧ್ರಗಳುಳ್ಳ ಕೊಳವೆಯಲ್ಲಿ ಉಸಿರು ನಾದವಾಗತಕ್ಕ ವಾದ್ಯ. ಜರ್ಮನ್ ದೇಶದ ನ್ಯೂರೆಂಬರ್ಗ್ ನಗರದ ವಾದ್ಯಶಿಲ್ಪಿ ಯೋಹಾನ್ ಕ್ರಿಸ್ಟೋಫ್ ಡೆನ್ನರ್ (1655–1707) ಎಂಬಾತನು 1700ರ ಆಸುಪಾಸಿನಲ್ಲಿ ಶಾಲುಮೋ ಎಂಬ ಹಳೆಯ ವಾದ್ಯವನ್ನು ತಿದ್ದಿ ಇದನ್ನು ಮಾಡಿದನೆಂದು ಬಲ್ಲವರು ಹೇಳುತ್ತಾರೆ. ಉತ್ತಮವಾದ ಕ್ಲಾರಿನೆಟ್ಟುಗಳನ್ನು ಆಫ್ರಿಕಾ ಖಂಡದ ಒಂದು ಕರಿಮರದಿಂದ ಕಡೆಯುವರು. ನಮ್ಮ ಮಲೆನಾಡಿನ ಬೀಟೆಯ ಮರವೂ ಅದೂ ಒಂದೇ ಕುಲದವು. ಊದುವ ತುದಿಯಲ್ಲಿ ರೀಡು ಎಂಬ ತೆಳ್ಳನೆಯ ಒಂದು ಸೀಳನ್ನು ಕಟ್ಟಿರುವರು. ಇದು ಜೊಂಡನ್ನು ಹೋಲುವ ಒಂದು ದೊಡ್ಡ ಹುಲ್ಲಿನ ದಂಟಿನಿಂದ ಆದದ್ದು. ದಕ್ಷಿಣ ಫ್ರಾನ್ಸಿನ ವಾರ್ ಎಂಬ ಪ್ರಾಂತವು ಇದರ ಬೆಳೆಗೆ ಹೆಸರಾಗಿದೆ. ನಾಗಸ್ವರದಲ್ಲಿ ಎರಡು ಪದರಗಳು ಒಂದಕ್ಕೊಂದು ಬಡಿದು ನುಡಿಯುತ್ತವೆ; ಕ್ಲಾರಿನೆಟ್ಟಿನಲ್ಲಿ ಇರುವುದು ಒಂದೇ ಪದರ. ಈ ಒಂದು ಸೀಳಿನ ಮರ್ಜಿಯನ್ನು ಹಿಡಿಯುವುದರಲ್ಲಿಯೇ ಹೊಸಬನ ಮೊದಲ ವರ್ಷವು ಕಳೆದುಹೋಗುತ್ತದೆ.

ಮೊದಲು ನೆರೆಮನೆಯವರ ದೂರನ್ನು ತೆಗೆದುಕೊಳ್ಳೋಣ. ಏಕೆಂದರೆ ಅದು ಸುಳ್ಳಲ್ಲ. ಹೊಸಬನ ಕೈಯಲ್ಲಿ ಕ್ಲಾರಿನೆಟ್ಟು ಕಿರುಚುತ್ತದೆ. ಬೆರಳು ಒಂದು ರಂಧ್ರವನ್ನು ಕೂದಲೆಳೆಯಷ್ಟು ಬಿಟ್ಟು ಮುಚ್ಚಿದರೂ ಸಾಕು. ತುಟಿಯು ರೀಡನ್ನು ಹೆಚ್ಚಾಗಿ ಕಚ್ಚಿದರೂ ಸಾಕು. ಮೃದುಸ್ವರವು ಬರಬೇಕಾದ ಕಡೆ ಸೀಳುದನಿಯೊಂದು ಚಿಮ್ಮಿ ಬೀದಿಯ ನಾಯಿಗಳು ಎದ್ದು ನಿಲ್ಲುತ್ತವೆ. ಪಿಟೀಲಿನ ಹೊಸಬನೂ ಕರ್ಕಶವಾಗಿಯೇ ನುಡಿಸುತ್ತಾನೆ; ಆದರೆ ಅದು ಮನೆಯೊಳಗಿನ ಕರ್ಕಶ. ಕ್ಲಾರಿನೆಟ್ಟಿನದು ಕೇರಿಗೆಲ್ಲ ಸಲ್ಲುವುದು.

ಇದಾದ ಮೇಲೆ ಇನ್ನೊಂದು ಕಷ್ಟವಿದೆ. ಹೊರಗಿನವರಿಗೆ ಇದು ತಿಳಿಯದು. ಅನೇಕರು ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚುವುದು ಈ ಘಟ್ಟದಲ್ಲಿಯೇ. ಕೊಳಲಿನಲ್ಲಿ ಉಸಿರನ್ನು ಬಿಗಿಮಾಡಿ ಊದಿದರೆ ಅದೇ ಬೆರಳುಗಳಿಂದ ಮಧ್ಯಸ್ಥಾಯಿಯ ಷಡ್ಜವು ತಾರಷಡ್ಜವಾಗುತ್ತದೆ. ನಾಗಸ್ವರದಲ್ಲಿಯೂ ಹಾಗೆಯೇ, ಅದರ ಕೊಳವೆಯು ಶಂಕುವಿನಂತೆ ಅಗಲವಾಗುತ್ತ ಹೋಗುವುದರಿಂದ. ಆದರೆ ಕ್ಲಾರಿನೆಟ್ಟಿನ ಕೊಳವೆಯು ಬಹುಭಾಗ ಒಂದೇ ಅಗಲದ್ದು, ಮತ್ತು ಊದುವ ತುದಿಯಲ್ಲಿ ರೀಡಿನಿಂದ ಮುಚ್ಚಿದಂತೆಯೇ ಇರುವುದು. ಇಂತಹ ಕೊಳವೆಯಲ್ಲಿ ಮೂಲನಾದದ ಎರಡರಷ್ಟು ಕಂಪನವುಳ್ಳ ಸ್ವರವು ನಿಲ್ಲದು. ಮೂರರಷ್ಟು ಉಳ್ಳದ್ದೇ ಮೇಲೇಳುವುದು. ಇದರ ಫಲವೇನೆಂದರೆ, ಎಡಗೈಯ ಹೆಬ್ಬೆರಳಿನ ಹತ್ತಿರವಿರುವ ಕೀಯನ್ನು ಒತ್ತಿ ಷಡ್ಜದ ಬೆರಳುಗಳಿಂದ ಊದಿದರೆ ಮೇಲಿನ ಷಡ್ಜವು ಬರುವುದಿಲ್ಲ. ಅದನ್ನೂ ದಾಟಿ ಪಂಚಮವು ಬರುತ್ತದೆ! ಎಂದರೆ ಒಂದು ಸ್ಥಾಯಿಯಲ್ಲಿ ಕಲಿತ ಬೆರಳು ಮುಂದಿನ ಸ್ಥಾಯಿಗೆ ಕೆಲಸಕ್ಕೆ ಬಾರದು. ರಾಗದ ಸಂಚಾರವನ್ನು ಎರಡು ಬೇರೆ ಲಿಪಿಗಳಲ್ಲಿ ಬರೆಯಲು ಕಲಿತಂತೆ ಆಯಿತು.

ಈ ಎರಡು ಲಿಪಿಗಳು ಕೂಡುವ ಸ್ಥಾನವೊಂದಿದೆ. ಕೆಳಗಿನ ಸ್ವರಗಳಿಂದ ಒಂದೊಂದೇ ಬೆರಳನ್ನು ಎತ್ತುತ್ತ ಮೇಲಕ್ಕೆ ಬಂದರೆ ಕೊನೆಗೆ ರಂಧ್ರಗಳೆಲ್ಲ ಬಿಡುವಾಗಿ ನಿಲ್ಲುತ್ತವೆ. ಅದರ ಮುಂದಿನ ಒಂದೇ ಒಂದು ಸ್ವರಕ್ಕಾಗಿ, ವಾದ್ಯದ ಭಾರವನ್ನು ಹೊತ್ತಿರುವ ಬಲಗೈಯ ಹೆಬ್ಬೆರಳೊಂದನ್ನುಳಿದು ಮಿಕ್ಕ ಬೆರಳುಗಳೆಲ್ಲವೂ ಒಮ್ಮೆಗೇ ತಮ್ಮ ತಮ್ಮ ಸ್ಥಾನಗಳಲ್ಲಿ ಬೀಳಬೇಕು. ಒಂದು ತಡವಾದರೆ ಕಿರುಚು. ಸಂಸ್ಕೃತದ ವಿದ್ಯಾರ್ಥಿಗಳಲ್ಲಿ ಶಬ್ದರೂಪಗಳನ್ನು ಗಿಳಿಯಂತೆ ಒಪ್ಪಿಸುವ ಹುಡುಗರು ಸಂಧಿಪ್ರಕರಣಕ್ಕೆ ಬಂದೊಡನೆ ತಡವರಿಸುವುದನ್ನು ನಾವು ಬಹಳ ಕಂಡಿದ್ದೇವೆ. ಕ್ಲಾರಿನೆಟ್ಟಿಗೂ ಒಂದು ಸಂಧಿಪ್ರಕರಣವುಂಟು. ಅದನ್ನು ದಾಟದೆ ಮುಂದೆ ಕಾವ್ಯವಿಲ್ಲ. ಇದಕ್ಕೆ ತಿಂಗಳುಗಳು ಬೇಕು. ಕೆಲವರಿಗೆ ವರ್ಷವೂ ಬೇಕು. ಮೊದಲ ಮಾಸಗಳಲ್ಲಿ ಸರಾಗವಾಗಿ ಮುಂದುವರಿದಂತೆ ಕಂಡ ಹುಡುಗನು ಇಲ್ಲಿ ಹಿಂದಕ್ಕೆ ಬಿದ್ದಂತೆ ಕಾಣುವುದರಿಂದ ಮನೆಯವರು ಇವನಿಗೆ ವಿದ್ಯೆ ಹತ್ತಲಿಲ್ಲವೆಂದು ತಿಳಿಯುತ್ತಾರೆ. ಹತ್ತಲಿಲ್ಲವೆಂದಲ್ಲ, ಸಂಧಿಗೆ ಬಂದಿದ್ದಾನೆಂದು ಅರ್ಥ. ಗುರುವು ಇದನ್ನು ಮೊದಲೇ ಮನೆಯವರಿಗೆ ತಿಳಿಸಿಟ್ಟರೆ ಎಷ್ಟೋ ವಾದ್ಯಗಳು ಪೆಟ್ಟಿಗೆ ಸೇರುವುದು ತಪ್ಪೀತು.

ನಾವು ಪಾಠ ಹೇಳುತ್ತಿದ್ದ ಒಂದು ತಾಲ್ಲೂಕು ಊರಿನಲ್ಲಿ, ಅಕ್ಕಿಗಿರಣಿಯ ಲೆಕ್ಕ ಬರೆಯುವವರೊಬ್ಬರ ಮಗನಿಗೆ ಈ ಹುಚ್ಚು ಹಿಡಿಯಿತು. ಪೋಲೀಸು ಬ್ಯಾಂಡಿನಿಂದ ನಿವೃತ್ತರಾಗಿ ಆ ಊರಿನಲ್ಲಿ ನೆಲಸಿದ್ದ ವೃದ್ಧರೊಬ್ಬರು ಅವನಿಗೆ ಹಳೆಯ ವಾದ್ಯವೊಂದನ್ನು ಕೊಟ್ಟು ಕಲಿಸತೊಡಗಿದರು. ಹುಡುಗನ ಸೋದರಮಾವನು ಆಸ್ತಿವಂತನು, ಮಾತಿನಲ್ಲಿ ಹರಿತ. ಹಬ್ಬಕ್ಕೆ ಬಂದವನು ವಾದ್ಯವನ್ನು ಕಂಡು, "ಏನು ಭಾವ, ನಾಳೆ ನನ್ನ ಮಗಳ ಮದುವೆಗೆ ಬ್ಯಾಂಡಿನವರನ್ನು ಬೇರೆ ಕರೆಸಬೇಕಾಗಿಲ್ಲ ಅನ್ನಿ! ನಿಮ್ಮ ಕುಮಾರನೇ ದಿಬ್ಬಣದ ಮುಂದೆ ಊದಿಕೊಂಡು ಹೋಗುತ್ತಾನೆ" ಎಂದನು. ತಂದೆಯು ತಲೆ ತಗ್ಗಿಸಿದನು. ಅಂದಿನಿಂದ ಹುಡುಗನು ಮನೆಯಲ್ಲಿ ಊದುವುದನ್ನು ಬಿಟ್ಟು ತೋಟದ ಪಂಪುಮನೆಗೆ ಹೋಗತೊಡಗಿದನು.

ಅವನ ಅಜ್ಜಿಯೊಬ್ಬಳು ಮಾತ್ರ ಸಾಯಂಕಾಲ ಹೂವು ಕೊಯ್ಯುವ ನೆವದಿಂದ ಅಲ್ಲಿಗೆ ಹೋಗಿ ಕಲ್ಲಿನ ಮೇಲೆ ಕುಳಿತಿರುತ್ತಿದ್ದಳು. ಆಕೆಗೆ ರಾಗತಾಳಗಳ ಪರಿಚಯ ಇಲ್ಲ, ಹೊಗಳಲೂ ಬಾರದು. ಆಕೆ ಎಣಿಸುತ್ತಿದ್ದಳು. "ಲೋ ಮಗು, ನಿನ್ನೆ ಏಳು ಸಲ ಕೀರಿತು ಕಣೋ; ಇವತ್ತು ನಾಲ್ಕೇ ಸಲ" ಎಂದು ಹೇಳಿ ಹೂವಿನ ಬುಟ್ಟಿ ಎತ್ತಿಕೊಂಡು ಹೊರಟುಹೋಗುವಳು. ಈ ಲೆಕ್ಕವು ಊರಿನಲ್ಲೆಲ್ಲ ನಗೆಯಾಗಿ ಹಬ್ಬಿತು. ನಮ್ಮ ಕಿವಿಗೂ ಬಿತ್ತು. ನಾವು ಮಾತ್ರ ನಗಲಿಲ್ಲ. ಉಪಾಧ್ಯಾಯವೃತ್ತಿಯಲ್ಲಿ ನಾವು ಬರೆದ ಅಂಕಪಟ್ಟಿಗಳಲ್ಲಿ ಅಷ್ಟು ನಿಷ್ಕೃಷ್ಟವಾದದ್ದು ಒಂದೂ ಇರಲಿಲ್ಲ. ವಿದ್ಯಾರ್ಥಿಗೆ ಬೇಕಾದುದು ನಾಲ್ಕು ಜನರ ಶಹಬಾಸ್ ಅಲ್ಲ. ನಿನ್ನೆಗೂ ಇಂದಿಗೂ ಇರುವ ಅಂತರವನ್ನು ಕಂಡು ಹೇಳತಕ್ಕವರು ಒಬ್ಬರು. ಹಾಡುತ್ತ ಹಾಡುತ್ತ ರಾಗ ಎಂಬ ಗಾದೆಯನ್ನು ಎಲ್ಲರೂ ಹೇಳುತ್ತಾರೆ. ಆ ಹಾಡುತ್ತ ಹಾಡುತ್ತ ಎಂಬ ಕಾಲದಲ್ಲಿ ಹತ್ತಿರ ಕುಳಿತು ಕೇಳುವವರು ಕಡಮೆ.

ಆ ಹುಡುಗನು ಈಗ ಅಂಚೆ ಇಲಾಖೆಯಲ್ಲಿ ಕೆಲಸದಲ್ಲಿದ್ದಾನೆ. ಶನಿವಾರದ ಭಜನೆಯಲ್ಲಿ ನುಡಿಸುತ್ತಾನೆ. ಸೋದರಮಾವನ ಮಗಳ ಮದುವೆ ವಿಜೃಂಭಣೆಯಿಂದ ಆಯಿತು. ಅವನನ್ನು ನುಡಿಸೆಂದು ಯಾರೂ ಕೇಳಲಿಲ್ಲ, ಅವನೂ ವಾದ್ಯವನ್ನು ಒಯ್ಯಲಿಲ್ಲ. ಹಟ ಹಿಡಿದು ಕಲಿತವರೆಲ್ಲರೂ ಕಡೆಗೆ ಬಿರುದು ಪಡೆಯುತ್ತಾರೆಂದು ವಾಚಕರು ನಿರೀಕ್ಷಿಸಬಾರದೆಂದು ಇದನ್ನು ಹೇಳಿದೆವು.

ಇನ್ನು ಬಲ್ಲವರ ನಿರುತ್ಸಾಹ. ಇದು ಹೆಚ್ಚು ಭಾರವಾದದ್ದು. ಮನೆಯವರ ಮಾತನ್ನಾದರೂ ತಳ್ಳಿಹಾಕಬಹುದು, ವಿದ್ವಾಂಸರ ಮಾತನ್ನು ತಳ್ಳಿಹಾಕುವುದು ಹೇಗೆ? ಕ್ಲಾರಿನೆಟ್ಟಿನ ಚರಿತ್ರೆಯಲ್ಲಿಯೇ ಇದಕ್ಕೆ ಒಂದು ನಿದರ್ಶನವಿದೆ. ಹಿಂದಿನ ಕಾಲದಲ್ಲಿ ಈ ವಾದ್ಯಕ್ಕೆ ಐದಾರು ಕೀಗಳು ಮಾತ್ರವೇ ಇದ್ದುವು. ಆದುದರಿಂದ ವಾದಕನು ಬೇರೆ ಬೇರೆ ಶ್ರುತಿಗಳಿಗೆ ಬೇರೆ ಬೇರೆ ಉದ್ದದ ವಾದ್ಯಗಳನ್ನು ಹೊತ್ತುಕೊಂಡು ಹೋಗಬೇಕಾಗಿತ್ತು. ಈವಾನ್ ಮ್ಯೂಲರ್ (1786–1854) ಎಂಬ ವಾದಕನು ಹದಿಮೂರು ಕೀಗಳನ್ನು ಜೋಡಿಸಿ, ಎಲ್ಲ ಶ್ರುತಿಗಳಿಗೂ ಒಂದೇ ವಾದ್ಯವು ಸಾಲುವಂತೆ ಮಾಡಿ, 1812ರಲ್ಲಿ ಪ್ಯಾರಿಸ್ ನಗರದ ಸಂಗೀತ ವಿದ್ಯಾಲಯದ ಪಂಡಿತಮಂಡಲಿಯ ಮುಂದಿಟ್ಟನು. ಮಂಡಲಿಯು ಅದನ್ನು ನಿರಾಕರಿಸಿತು. ಒಂದೇ ವಾದ್ಯವು ರೂಢಿಗೆ ಬಂದರೆ ಬೇರೆ ಬೇರೆ ಅಳತೆಯ ವಾದ್ಯಗಳ ನಾದವೈವಿಧ್ಯವು ಸಂಗೀತರಚನಕಾರರಿಗೆ ನಷ್ಟವಾದೀತೆಂಬುದು ಅವರ ವಾದ. ಮೂಢವಾದವೆಂದು ನಾವು ಹೇಳಲಾರೆವು. ಅದರಲ್ಲಿ ಒಂದಿಷ್ಟು ಸತ್ಯವೂ ಇತ್ತು. ಅವನು ತೆರೆದಿದ್ದ ವಾದ್ಯಶಾಲೆಯೂ ನೆಲಕಚ್ಚಿತು. ಮ್ಯೂಲರನು ಆ ಪಂಡಿತರೊಡನೆ ಚರ್ಚೆಯನ್ನು ಬೆಳೆಸುತ್ತ ಕೂರಲಿಲ್ಲ. ತನ್ನ ವಾದ್ಯವನ್ನು ಹಿಡಿದು ಯೂರೋಪಿನ ಊರೂರುಗಳಲ್ಲಿ ನುಡಿಸುತ್ತ ಹೋದನು. ಕೇಳಿದ ವಾದಕರು ತಮಗೂ ಅಂತಹದೇ ಬೇಕೆಂದರು. ಇಂದಿಗೂ ಜರ್ಮನ್ ವಾದಕರು ನುಡಿಸುವ ಕ್ಲಾರಿನೆಟ್ಟು ಮ್ಯೂಲರನ ವಾದ್ಯದ ವಂಶದ್ದೇ.

ಅದೇ ಜರ್ಮನ್ ದೇಶದ ಮೈನಿಂಗೆನ್ ಸಂಸ್ಥಾನದಲ್ಲಿ ರಿಚರ್ಡ್ ಮ್ಯೂಲ್‌ಫೆಲ್ಡ್ ಎಂಬಾತನು 1873ರಲ್ಲಿ ಆಸ್ಥಾನದ ವಾದ್ಯವೃಂದಕ್ಕೆ ಪಿಟೀಲುಗಾರನಾಗಿ ಸೇರಿದನು. ಇದ್ದ ಸ್ಥಾನದಲ್ಲಿ ಸುಖವಾಗಿರಬಹುದಾಗಿತ್ತು; ಆತನು ಬಹುಮಟ್ಟಿಗೆ ಸ್ವಂತ ಪರಿಶ್ರಮದಿಂದಲೇ ಕ್ಲಾರಿನೆಟ್ಟನ್ನು ಸಾಧಿಸಿ ಕೆಲವೇ ವರ್ಷಗಳಲ್ಲಿ ಆ ವೃಂದದ ಮುಖ್ಯ ಕ್ಲಾರಿನೆಟ್ ವಾದಕನಾದನು. ಮಹಾ ಸಂಗೀತರಚನಕಾರನಾದ ಬ್ರಾಮ್ಸ್ 1890ರಲ್ಲಿ, ತನ್ನ ಕೆಲಸ ಮುಗಿಯಿತು, ಇನ್ನು ಬರೆಯುವುದಿಲ್ಲ ಎಂದು ನಿಶ್ಚಯಿಸಿದ್ದವನು, ಮರುವರ್ಷ ಮೈನಿಂಗೆನ್ನಿನಲ್ಲಿ ಈತನ ವಾದನವನ್ನು ಕೇಳಿ ಮತ್ತೆ ಲೇಖನಿ ಹಿಡಿದನು; 1891ರಲ್ಲಿ ಎರಡು, 1894ರಲ್ಲಿ ಎರಡು, ಹೀಗೆ ನಾಲ್ಕು ಕೃತಿಗಳನ್ನು ಈ ವಾದ್ಯಕ್ಕಾಗಿ ರಚಿಸಿದನು.

ಪಾಶ್ಚಾತ್ಯರ ಸಂಗೀತದಲ್ಲಿ ಇದೆಲ್ಲ ಸರಿ, ನಮ್ಮ ಗಮಕಗಳ ಗತಿಯೇನು ಎಂದು ಕೇಳುವವರಿಗೆ ಉತ್ತರ ಕೊಡಬೇಕು. ಅವರ ಆಕ್ಷೇಪಣೆ ಹುರುಳಿಲ್ಲದ್ದಲ್ಲ. ಕೀ ಎಂಬುದು ಲೋಹದ ಮುಚ್ಚಳ. ಅದು ರಂಧ್ರವನ್ನು ಮುಚ್ಚುತ್ತದೆ ಇಲ್ಲವೆ ತೆರೆಯುತ್ತದೆ. ಬೆರಳ ತುದಿಯ ಮಾಂಸದಂತೆ ಮೆಲ್ಲಮೆಲ್ಲನೆ ಸರಿಯಲಾರದು. ಕಾಂಭೋಜಿಯನ್ನೋ ತೋಡಿಯನ್ನೋ ಮುಚ್ಚಳ ಬಡಿದು ನುಡಿಸಿದರೆ ರಾಗದ ಅಸ್ಥಿಗಳು ಮಾತ್ರ ಉಳಿಯುತ್ತವೆ. ಆದರೆ ಕ್ಲಾರಿನೆಟ್ಟಿನಲ್ಲಿ ಕೀಗಳಲ್ಲದೆ ಬೆರಳಿನಿಂದಲೇ ಮುಚ್ಚತಕ್ಕ ಬಯಲು ರಂಧ್ರಗಳೂ ಇವೆ. ಅವುಗಳನ್ನು ಅರೆಯಾಗಿ ಮುಚ್ಚಿ ತೆರೆಯುತ್ತ, ತುಟಿಯ ಬಿಗಿತವನ್ನು ಸಡಿಲಿಸುತ್ತ ಬಿಗಿಯುತ್ತ, ಸ್ವರದಿಂದ ಸ್ವರಕ್ಕೆ ಜಾರಬಹುದು. ಮಾರ್ಗವು ಇಲ್ಲದೆ ಇಲ್ಲ, ಕಡಿದಾಗಿದೆ.

ಆ ಮಾರ್ಗದಲ್ಲಿ ನಡೆದವರಲ್ಲಿ ತಿರುಚಿರಾಪಳ್ಳಿಯ ಎ. ಕೆ. ಸಿ. ನಟರಾಜನ್ ಅವರ ಹೆಸರು ಮೊದಲು ಬರತಕ್ಕದ್ದು. ಇವರು 1931ರಲ್ಲಿ ಜನಿಸಿದವರು. ದಕ್ಷಿಣದೇಶದಲ್ಲಿ ಕ್ಲಾರಿನೆಟ್ಟನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮಹಾದೇವ ನಟ್ಟುವನಾರ್ ಎಂಬವರು ನೃತ್ಯಮೇಳಕ್ಕೆ ತಂದರೆಂದು ಹೇಳುವುದುಂಟು. ಅಂದಿನಿಂದ ಬಹುಕಾಲ ಅದು ನರ್ತಕಿಯ ಹಿಂದೆ ನಿಂತು ಹಾಡಿದ್ದನ್ನು ಅನುಸರಿಸುವ ವಾದ್ಯವಾಗಿಯೇ ಇತ್ತು. ದೇವಾಲಯದ ಹಿರಿಯ ಮೇಳವೆಂದರೆ ನಾಗಸ್ವರ; ನೃತ್ಯದ್ದು ಚಿಕ್ಕ ಮೇಳ. ಹೆಸರಿನಲ್ಲಿಯೇ ತಾರತಮ್ಯವಿದೆಯಷ್ಟೆ. ನಟರಾಜನ್ ಅವರು ಮಾಡಿದ್ದೇನೆಂದರೆ, ಆಲತ್ತೂರು ವೆಂಕಟೇಶಯ್ಯರ್ ಅವರಲ್ಲಿ ಗಾಯನವನ್ನೂ, ಇಲುಪ್ಪೂರು ನಟೇಶಪಿಳ್ಳೆಯವರಲ್ಲಿ ನಾಗಸ್ವರವನ್ನೂ ಕಲಿತು, ಆ ಎರಡರ ಸಾರವನ್ನು ಕ್ಲಾರಿನೆಟ್ಟಿಗೆ ಇಳಿಸಿದರು. ಗಮಕವು ಬಾರದೆಂದವರಿಗೆ ವಾದದಿಂದ ಉತ್ತರವನ್ನು ಕೊಡಲಿಲ್ಲ. ಗಮಕಗಳ ತವರಾದ ನಾಗಸ್ವರಕ್ಕೇ ಹೋಗಿ ಅದನ್ನು ತಂದರು. ನಾಗಸ್ವರ ಚಕ್ರವರ್ತಿಯೆನಿಸಿದ ಟಿ. ಎನ್. ರಾಜರತ್ನಂ ಪಿಳ್ಳೆಯವರೇ ಇವರನ್ನು ಕ್ಲಾರಿನೆಟ್ ಎವರೆಸ್ಟ್ ಎಂದು ಕರೆದರು. 2008ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದೂ, 2022ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ ಇವರಿಗೆ ಸಂದುವು. ಚಿಕ್ಕ ಮೇಳದ ವಾದ್ಯವು ಸಭೆಯ ನಡುವಣ ವೇದಿಕೆಗೆ ಬರಲು ಒಬ್ಬರ ಆಯುಸ್ಸು ಬೇಕಾಯಿತು.

ನಮ್ಮ ಕನ್ನಡನಾಡಿನಲ್ಲಿ ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರು ಸಿದ್ಧರಾಮ ಜಂಬಲದಿನ್ನಿಯವರಲ್ಲಿ ಶಿಷ್ಯವೃತ್ತಿ ಮಾಡಿ ಹಿಂದೂಸ್ತಾನಿ ಸಂಗೀತವನ್ನು ಈ ವಾದ್ಯದಲ್ಲಿ ಪ್ರತಿಷ್ಠಾಪಿಸಿದರು. ಇವರ ಗುರುಗಳು ಗಾಯಕರೆಂಬುದನ್ನು ವಾಚಕರು ಗಮನಿಸಬೇಕು. ನಟರಾಜನ್ ಅವರೂ ಗಾಯನವನ್ನು ಕಲಿತವರೇ. ಕ್ಲಾರಿನೆಟ್ಟಿನ ಬಾಯನ್ನು ತಿದ್ದುವುದಕ್ಕೆ ಮೊದಲು ತಮ್ಮ ಬಾಯನ್ನು ತಿದ್ದಿಕೊಂಡರೆಂದಾಯಿತು.

ಕ್ಲಾರಿನೆಟ್ಟಿಗೆ ಸಾಕ್ಸಫೋನ್ ಎಂಬ ತಮ್ಮನೊಬ್ಬನುಂಟು. ಅದನ್ನು ನಿರ್ಮಿಸಿ 1846ರಲ್ಲಿ ಹಕ್ಕುಪತ್ರ ಪಡೆದ ಅಡಾಲ್ಫ್ ಸಾಕ್ಸ್ ತಾನೇ ಕ್ಲಾರಿನೆಟ್ ವಾದಕನಾಗಿದ್ದನು. ದಕ್ಷಿಣಕನ್ನಡದ ಕದ್ರಿ ಗೋಪಾಲನಾಥರು (1949–2019) ನಾಗಸ್ವರ ವಿದ್ವಾಂಸರ ಮಗನಾಗಿ ಹುಟ್ಟಿ, ಬಾಲ್ಯದಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸಾಕ್ಸಫೋನಿನ ನಾದಕ್ಕೆ ಮನಸೋತು, ಅದರಲ್ಲಿಯೇ ಕರ್ನಾಟಕ ಸಂಗೀತವನ್ನು ನುಡಿಸುವೆನೆಂದು ಹೊರಟರು. ಆ ವಾದ್ಯದಲ್ಲಿ ಬಯಲು ರಂಧ್ರವೆಂಬುದೇ ಇಲ್ಲ, ಎಲ್ಲವೂ ಮುಚ್ಚಳಗಳೇ. ಅದರಲ್ಲಿಯೂ ಗಮಕವು ಬಂದಿತು. ಬಾರದೆಂದು ಹೇಳುವವರು ಈಗ ಮೊದಲಿನಷ್ಟು ಗಟ್ಟಿಯಾಗಿ ಹೇಳುತ್ತಿಲ್ಲ.

ಆದರೆ ಮೇಲೆ ಹೇಳಿದ ಸೋದರಮಾವನ ಕುಹಕಕ್ಕೆ ಈ ಬಿರುದುಗಳಿಂದ ಉತ್ತರ ಕೊಡುವುದು ನಮಗೆ ಸರಿತೋರದು. ಬ್ಯಾಂಡಿನವರು ಬಿಸಿಲಲ್ಲಿ ನಡೆಯುತ್ತ, ಕೊರಳಿಗೆ ಬಿಗಿದ ಅಂಗಿ ತೊಟ್ಟು, ಗಂಟೆಗಟ್ಟಲೆ ಊದುತ್ತಾರೆ. ಅವರು ಊದದಿದ್ದರೆ ನಮ್ಮ ಮದುವೆ ಮೆರವಣಿಗೆಗಳು ಶವಯಾತ್ರೆಯಂತೆ ಮೂಕವಾಗುತ್ತವೆ. ಅವರಿಗೆ ಊಟದ ಎಲೆ ಹಾಕುವುದು ಎಲ್ಲರದೂ ಆದ ಮೇಲೆ. ನಡೆಯುತ್ತ ನಡೆಯುತ್ತ, ಉಸಿರನ್ನು ಕಾಯ್ದುಕೊಂಡು, ಶ್ರುತಿ ಕೆಡದಂತೆ ನುಡಿಸುವುದು ಸಾಮಾನ್ಯವಾದ ವಿದ್ಯೆಯಲ್ಲ. ಸಭೆಯಲ್ಲಿ ಕುಳಿತು ನುಡಿಸುವ ವಿದ್ವಾಂಸರು ಒಮ್ಮೆ ಪ್ರಯತ್ನಿಸಿ ನೋಡಬಹುದು. ಮಗನು ಬ್ಯಾಂಡಿನವನಂತೆ ಆದಾನೆಂದು ಅಂಜುವ ಗೃಹಸ್ಥರು, ಆ ಬ್ಯಾಂಡಿನವನನ್ನು ತಾವು ಎಲ್ಲಿ ಕೂರಿಸಿದ್ದೇವೆಂದು ಮೊದಲು ನೋಡಿಕೊಳ್ಳಲಿ.

ಹೀಗೆಂದ ಮಾತ್ರಕ್ಕೆ ತಡೆಯುವ ಮಾತೆಲ್ಲವೂ ಹಗೆಯ ಮಾತೆಂದು ತಿಳಿಯಬಾರದು. ಕೈ ಚಿಕ್ಕದಾಗಿ ಬೆರಳುಗಳು ರಂಧ್ರಗಳನ್ನು ಮುಚ್ಚಲಾರದ ಮಗುವಿಗೆ ಎರಡು ವರ್ಷ ತಾಳೆಂದು ಗುರುವು ಹೇಳಿದರೆ ತಾಳಬೇಕು. ಅಷ್ಟರಲ್ಲಿ ಹಾಡುವುದನ್ನು ಕಲಿಸಬಹುದು. ಮುಂದಿನ ಹಾಲುಹಲ್ಲು ಬಿದ್ದು ಹೊಸದು ಬರುತ್ತಿರುವಾಗ ಆರಂಭಿಸಕೂಡದು. ವಾದ್ಯವು ನಿಲ್ಲುವುದೇ ಮೇಲಿನ ಹಲ್ಲಿನ ಆಧಾರದಲ್ಲಿ. ವಾದ್ಯದಿಂದಲೇ ಜೀವನ ನಡೆಸುವೆನೆಂದು ಓದನ್ನು ಬಿಡುವ ಹುಡುಗನನ್ನು ತಂದೆಯು ತಡೆದರೆ ನಾವು ತಂದೆಯ ಪಕ್ಷವೇ. ಅಂಚೆಯ ಕೆಲಸದಲ್ಲಿದ್ದು ಶನಿವಾರ ನುಡಿಸುವುದರಲ್ಲಿ ಅಗೌರವವೇನೂ ಇಲ್ಲ.

ಮನೆಯವರು ಒಪ್ಪಿದರೆಂದೇ ಇಟ್ಟುಕೊಂಡು ಕೆಲವು ಉಪಯುಕ್ತವಾದ ಮಾತುಗಳನ್ನು ಹೇಳುತ್ತೇವೆ. ಹೊಸಬನಿಗೆ ಗಟ್ಟಿಯಾದ ರೀಡು ಬೇಡ. ಅಂಗಡಿಯಲ್ಲಿ ಇವುಗಳಿಗೆ ಅಂಕಿಗಳಿರುತ್ತವೆ, ಎರಡರ ಅಂಕಿಯ ಆಸುಪಾಸಿನದನ್ನು ಕೇಳಿ ತರಬೇಕು. ಒಂದನ್ನೇ ದಿನವೂ ಊದಿ ಕೆಡಿಸದೆ ಮೂರು ನಾಲ್ಕನ್ನು ಸರದಿಯಂತೆ ಬಳಸಿದರೆ ಬಾಳಿಕೆ ಬರುತ್ತದೆ. ಊದಿದ ಮೇಲೆ ಒಳಗಿನ ತೇವವನ್ನು ಒಣಬಟ್ಟೆಯಿಂದ ಎಳೆದು ತೆಗೆಯಬೇಕು. ಮರದ ವಾದ್ಯವನ್ನು ಬಿಸಿಲಿಗೆ ಇಟ್ಟರೆ ಬಿರಿಯುತ್ತದೆ. ಹಳೆಯ ವಾದ್ಯವನ್ನು ಕೊಳ್ಳುವವರು ಕೀಗಳ ಅಡಿಯ ಮೆತ್ತೆಗಳು ಹರಿದಿವೆಯೇ ಎಂದು ಬಲ್ಲವರಿಂದ ಪರೀಕ್ಷೆ ಮಾಡಿಸಲಿ. ಮೆತ್ತೆ ಹರಿದ ವಾದ್ಯವು ಯಾರ ಕೈಯಲ್ಲಿಯೂ ಕಿರುಚುತ್ತದೆ, ಅಪವಾದ ಮಾತ್ರ ಹುಡುಗನಿಗೆ ಬರುತ್ತದೆ. ಸಾಧನೆಗೆ ದಿನಕ್ಕೆ ಅರ್ಧ ಗಂಟೆ ಮೊದಲಲ್ಲಿ ಸಾಕು. ತುಟಿಯು ಸೋತ ಮೇಲೆ ಊದಿದ್ದು ಅಭ್ಯಾಸವಲ್ಲ. ಆ ಅರ್ಧ ಗಂಟೆಯನ್ನು ನೆರೆಯವರಿಗೆ ಮುಂದಾಗಿ ತಿಳಿಸಿ, ಅವರ ಮಕ್ಕಳ ಪಾಠದ ಹೊತ್ತನ್ನೂ ಮಧ್ಯಾಹ್ನದ ನಿದ್ರೆಯ ಹೊತ್ತನ್ನೂ ಬಿಟ್ಟು ಗೊತ್ತುಮಾಡಿಕೊಂಡರೆ, ಅವರ ದೂರಿನಲ್ಲಿ ಅರ್ಧಭಾಗ ಅಲ್ಲಿಯೇ ಇಳಿಯುತ್ತದೆ.